ಇಳಿವಯಸ್ಸಿನಲ್ಲಿ ಮತ್ತೆ ಮೋಟಾರು ಸೈಕಲ್ಲು

ಮನೆಯ ಹಿರಿಯರೊಬ್ಬರು ನಿವೃತ್ತರಾದ ಮೇಲೆ ತೋಟ ಮಾಡಿದರೆ ನೆರೆಹೊರೆಯವರು ಮೆಚ್ಚುತ್ತಾರೆ. ಪುಸ್ತಕ ಹಿಡಿದು ಕುಳಿತರೆ ಗೌರವಿಸುತ್ತಾರೆ. ಯಾತ್ರೆ ಹೊರಟರೆ ಹೋಗಿಬನ್ನಿರೆಂದು ಹರಸುತ್ತಾರೆ. ಆದರೆ 63ನೆಯ ವಯಸ್ಸಿನಲ್ಲಿ ಹೊಸ ಮೋಟಾರು ಸೈಕಲ್ಲೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರೆ ಬೀದಿಯವರು ಮುಸಿಮುಸಿ ನಗುತ್ತಾರೆ, ಮಕ್ಕಳು ಸಿಟ್ಟಾಗುತ್ತಾರೆ, ಮಡದಿ ಮೌನ ತಾಳುತ್ತಾರೆ. 2023ರಲ್ಲಿ ನಾವು ಈ ಮೂರನ್ನೂ ಒಂದೇ ದಿನ ಕಂಡೆವು. ನಗೆಯನ್ನು ಸಹಿಸುವುದು ಸುಲಭವಾಯಿತು. ಮಗನ ಸಿಟ್ಟಿಗೆ ಉತ್ತರ ಕೊಡಬಹುದಾಗಿತ್ತು. ಮಡದಿಯವರ ಮೌನಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಪ್ರಾಯದ ದಿನಗಳನ್ನು ಜಾವಾ, ಯೆಜ್ದಿ, ಬುಲೆಟ್, ರಾಜದೂತಗಳ ಮೇಲೆ ಕಳೆದ ಹಿರಿಯರು ಹಲವರಿದ್ದಾರು. ಸಂಸಾರದ ಹೊಣೆಯಿಂದ ಗಾಡಿಯನ್ನು ಬಿಟ್ಟವರು, ಹೊಣೆ ಇಳಿದ ಮೇಲೆ ಮತ್ತೆ ಏರಬೇಕೆಂದು ಒಳಗೊಳಗೇ ಆಸೆಪಡುವವರೂ ಇರಬಹುದು. ಅಂಥವರಿಗೂ ಅವರ ಮನೆಮಂದಿಗೂ ನಮ್ಮ ಅನುಭವ ಒಂದಿಷ್ಟು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮೈಸೂರಿನ ಗಾಡಿ

ನಾವು ಮೈಸೂರಿನವರು. ನಮ್ಮ ಊರಿಗೂ ಮೋಟಾರು ಸೈಕಲ್ಲಿಗೂ ಹಳೆಯ ನಂಟು. ಚೆಕೊಸ್ಲೊವಾಕಿಯ ದೇಶದ ಜಾವಾ ಬೈಕುಗಳನ್ನು ಇಲ್ಲಿಯೇ ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಯಾದವಗಿರಿಯಲ್ಲಿ ಆರಂಭವಾಯಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರವರು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಬೈಕುಗಳಿಗೆ ಯೆಜ್ದಿ ಎಂಬ ಹೆಸರು ಬಂದಿತು. ಎರಡು ಕಡೆ ಎರಡು ಸೈಲೆನ್ಸರು, 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸುವ ಪದ್ಧತಿ, ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ: ಇವು ಆ ಗಾಡಿಯ ಗುರುತುಗಳು. ದೂರದಿಂದ ಶಬ್ದ ಕೇಳಿದೊಡನೆಯೇ ‘ಯೆಜ್ದಿ ಬಂತು’ ಎಂದು ಮಕ್ಕಳು ಕೂಡ ಹೇಳುತ್ತಿದ್ದರು.

ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರಾಗಿ ಸೇರಿದ ಬಳಿಕ, 1984ರಲ್ಲಿ ನಾವೂ ಒಂದು ಯೆಜ್ದಿ ಕೊಂಡೆವು. ಮದುವೆಯಾಗಿ ಮಡದಿಯವರನ್ನು ಅವರ ತವರಿಗೆ ಮೊದಲ ಸಲ ಕರೆದೊಯ್ದದ್ದು ಅದರ ಮೇಲೆಯೇ. ಮಗ ಹುಟ್ಟಿದ ಮೇಲೆ ಅವನಿಗೆ ಟ್ಯಾಂಕಿನ ಮೇಲೆಯೇ ಆಸನ. ಹನ್ನೊಂದು ವರ್ಷ ಅದು ನಮ್ಮ ಮನೆಯ ಸದಸ್ಯನಂತೆಯೇ ಇತ್ತು.

ಗಾಡಿ ನಿಂತ ದಿನ

1995ರಲ್ಲಿ ಒಂದು ಸಂಜೆ ನಂಜನಗೂಡಿನ ಕಡೆಯಿಂದ ಮರಳುತ್ತಿದ್ದೆವು. ಕಡಕೊಳದ ಹತ್ತಿರ ಹಿಂದಿನಿಂದ ಒಂದು ಕೂಗು ಕೇಳಿತು. ಗಾಡಿ ಹೊಯ್ದಾಡಿತು. ನಿಲ್ಲಿಸುವಷ್ಟರಲ್ಲಿ ಮಡದಿಯವರು ರಸ್ತೆಯ ಮೇಲಿದ್ದರು. ಒಂದೇ ಕಡೆಗೆ ಕಾಲಿಳಿಬಿಟ್ಟು ಕುಳಿತಿದ್ದ ಅವರ ಸೆರಗು ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತ್ತು. ಭುಜದ ಮೂಳೆ ಮುರಿದು ಮೂರು ತಿಂಗಳು ಅವರು ಕೈ ಎತ್ತದಂತಾಯಿತು. ಪ್ರಾಣ ಉಳಿದದ್ದೇ ನಮ್ಮ ಭಾಗ್ಯ.

ಚಕ್ರಕ್ಕೆ ಸೀರೆ ಸಿಗದಂತೆ ತಡೆಯುವ ಗಾರ್ಡು ಅದಕ್ಕೆ ಹದಿನೈದು ದಿನ ಮೊದಲೇ ಮುರಿದಿತ್ತು. ‘ಮುಂದಿನ ವಾರ ಹಾಕಿಸೋಣ’ ಎಂದು ಎರಡು ವಾರ ತಳ್ಳಿದವರು ನಾವೇ. ಮಕ್ಕಳಿಗೆ ಚಲನೆಯ ನಿಯಮಗಳನ್ನು ಬೋಧಿಸುವ ಅಧ್ಯಾಪಕರು ತಮ್ಮ ಗಾಡಿಯ ಒಂದು ತಂತಿಬಲೆಯನ್ನು ಕಟ್ಟಿಸದೆ ಉಳಿದಿದ್ದೆವು. ಮಡದಿಯವರು ಈ ಮಾತನ್ನು ಎಂದೂ ಎತ್ತಿ ಆಡಲಿಲ್ಲ. ನಾವೂ ಆಡಲಿಲ್ಲ. 1996ರಲ್ಲಿ ಗಾಡಿಯನ್ನು ಮಾರಿದೆವು. ಅದೇ ವರ್ಷ ಯಾದವಗಿರಿಯ ಕಾರ್ಖಾನೆಯಲ್ಲಿಯೂ ತಯಾರಿಕೆ ನಿಂತಿತು. ಊರಿನವರೆಲ್ಲ ಕಾರ್ಖಾನೆಗಾಗಿ ಮರುಗುತ್ತಿದ್ದಾಗ ನಮ್ಮ ಮನೆಯಲ್ಲಿ ಆ ವಿಷಯವನ್ನೇ ಯಾರೂ ಎತ್ತುತ್ತಿರಲಿಲ್ಲ.

ಮುಂದೆ ಬಸ್ಸಾಯಿತು, ಆಮೇಲೆ ಕಾರಾಯಿತು. 2020ರಲ್ಲಿ ನಿವೃತ್ತರಾದೆವು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ದಿ ಎಂಬ ಹೆಸರು 2022ರಲ್ಲಿಯೂ ಹೊಸ ಕಂಪನಿಯೊಂದರ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ರಸ್ತೆಯಲ್ಲಿ ಆ ಹೆಸರನ್ನು ಕಂಡಾಗಲೆಲ್ಲ ಎದೆಯಲ್ಲೇನೋ ಅಲುಗುತ್ತಿತ್ತು. ಕೊನೆಗೊಂದು ಹೊಸ ಬೈಕು ಕೊಂಡೇಬಿಟ್ಟೆವು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ, ಬರಹ ಜಾಹೀರಾತಾಗಬಾರದು.

ಮೈ ಮರೆಯಲಿಲ್ಲ, ಅದೇ ತೊಂದರೆಯಾಯಿತು

ಒಮ್ಮೆ ಕಲಿತ ಸೈಕಲ್ಲು ಮರೆಯದೆಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಆದರೆ ನಮ್ಮ ಮೈ ನೆನಪಿಟ್ಟುಕೊಂಡದ್ದು ಹಳೆಯ ಗಾಡಿಯನ್ನು, ಹಳೆಯ ಮೈಯನ್ನು. ಯೆಜ್ದಿಯಲ್ಲಿ ಗೇರಿನ ಕಡ್ಡಿ ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತಿದ್ದುದರಿಂದ ನಮ್ಮ ಎಡಗೈಗೆ ಸೋಮಾರಿತನ ಅಂಟಿತ್ತು. ಹೊಸ ಗಾಡಿಯಲ್ಲಿ ಹಾಗೆಯೇ ಗೇರು ಬದಲಿಸಹೋದರೆ ಗಾಡಿ ಜಗ್ಗಿ ಮುಗ್ಗರಿಸುತ್ತಿತ್ತು. ಟೂ ಸ್ಟ್ರೋಕ್ ಗಾಡಿಯ ಆಕ್ಸಿಲರೇಟರು ಬಿಟ್ಟರೂ ಅದು ತೇಲಿಕೊಂಡು ಮುಂದೆ ಸಾಗುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನ್ನು ಬಿಟ್ಟೊಡನೆ ಹಿಡಿದೆಳೆದಂತೆ ನಿಧಾನವಾಗುತ್ತದೆ. ಹಳೆಯ ಬುಲೆಟ್ ಓಡಿಸಿದವರ ಕಷ್ಟ ಇನ್ನೂ ದೊಡ್ಡದು. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಇಂದಿನ ಬೈಕುಗಳಲ್ಲಿ ಅದು ತಿರುವುಮುರುವು. ಗಾಬರಿಯ ಕ್ಷಣದಲ್ಲಿ ಕಾಲು ಹಳೆಯ ಬ್ರೇಕನ್ನು ಹುಡುಕಿದರೆ ಸಿಗುವುದು ಗೇರು!

ಇಂದಿನ 350 ಸಿಸಿ ವರ್ಗದ ಬೈಕು 180, 190 ಕಿಲೋ ತೂಗುತ್ತದೆ. ಗಾಡಿ ಬಂದ ಮೂರನೆಯ ದಿನ ಅಂಗಳದಲ್ಲಿ ತಿರುಗಿಸಿಕೊಳ್ಳಲು ಹೋದೆವು. ನಡೆಯುವಷ್ಟೇ ವೇಗ. ಹ್ಯಾಂಡಲ್ಲು ಪೂರ್ತಿ ತಿರುಗಿರುವಾಗಲೇ ಮುಂದಿನ ಬ್ರೇಕು ಹಿಡಿದೆವು. ಗಾಡಿ ಮಲಗಿತು, ಅದರೊಡನೆ ನಾವೂ ಮಲಗಿದೆವು. ಮೊಣಕಾಲು ತರಚಿತು, ಮಾನ ಅದಕ್ಕಿಂತ ಹೆಚ್ಚಾಗಿ ತರಚಿತು. ತಲೆ ಎತ್ತಿ ನೋಡಿದರೆ ಮಡದಿಯವರು ಬಾಗಿಲಲ್ಲಿ ನಿಂತಿದ್ದರು. ಏನೂ ಅನ್ನದೆ ಒಳಗೆ ಹೋಗಿ ಅರಿಸಿನ ತಂದಿಟ್ಟರು.

ಆ ರಾತ್ರಿ ಬೆಂಗಳೂರಿನಿಂದ ಮಗನ ಫೋನು ಬಂತು. “ಅಪ್ಪ, ಈ ವಯಸ್ಸಿನಲ್ಲಿ ಇದು ಬೇಕಾ? ಅಮ್ಮನ ಕಡೆ ಸ್ವಲ್ಪ ನೋಡಿ” ಎಂದ. ಅವನ ಮಾತಿನಲ್ಲಿ ಇದ್ದದ್ದು ಭಯವೇ ಹೊರತು ಅನಾದರವಲ್ಲ. ಗಾಡಿಯನ್ನು ಮರಳಿಸಬೇಕೆ, ಇಲ್ಲವೇ ಮೊದಲಿನಿಂದ ಕಲಿಯಬೇಕೆ ಎಂಬ ಎರಡೇ ದಾರಿ ನಮಗೆ ಉಳಿದವು. ಕಲಿಯುವುದನ್ನು ಆರಿಸಿಕೊಂಡೆವು.

ಶಿಷ್ಯನೇ ಗುರುವಾದದ್ದು

ನಮ್ಮಲ್ಲಿ ಓದಿದ ಹುಡುಗನೊಬ್ಬ ಈಗ ಬೈಕು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವನ ಬಳಿಗೆ ಹೋಗಿ ಸಂಕೋಚ ಬಿಟ್ಟು ಕೇಳಿದೆವು. “ಸಾರ್, ನಿಮಗೆ ನಾನು ಹೇಳಿಕೊಡೋದಾ?” ಎಂದು ಅವನು ನಾಚಿದ. ಮರುದಿನದಿಂದ ಬೆಳಗಿನ ಆರು ಗಂಟೆಗೆ ಬಡಾವಣೆಯ ಹಿಂದಿನ ಬಯಲಿನಲ್ಲಿ ನಮ್ಮ ಪಾಠ ಆರಂಭವಾಯಿತು.

ಮೊದಲ ವಾರ ಗಾಡಿಯನ್ನು ಓಡಿಸಲು ಅವನು ಬಿಡಲೇ ಇಲ್ಲ. ಎಂಜಿನ್ನು ಆರಿಸಿ ತಳ್ಳುವುದು, ಸ್ಟ್ಯಾಂಡು ಹಾಕುವುದು, ತೆಗೆಯುವುದು, ಬಿದ್ದ ಗಾಡಿಯನ್ನು ಸೊಂಟಕ್ಕೆ ಬದಲು ಕಾಲಿನ ಬಲದಿಂದ ಎತ್ತುವುದು. ಎರಡನೆಯ ವಾರ ಕ್ಲಚ್ಚು ಅರ್ಧ ಹಿಡಿದು ಆಮೆಯ ವೇಗದಲ್ಲಿ ಎಂಟರ ಆಕಾರ ಬರೆಯುವುದು. ಮೂರನೆಯ ವಾರ ಬ್ರೇಕು.

ಬ್ರೇಕಿನ ಪಾಠವೇ ನಮ್ಮ ಕಣ್ಣು ತೆರೆಸಿದ್ದು. ನಮ್ಮ ಕಾಲದವರು ಬಹುಪಾಲು ಹಿಂದಿನ ಬ್ರೇಕನ್ನೇ ನಂಬಿದವರು, ಮುಂದಿನದು ಹಿಡಿದರೆ ಉರುಳುತ್ತೇವೆಂಬ ಹೆದರಿಕೆ. ನಿಜವೇನೆಂದರೆ, ಬ್ರೇಕು ಹಿಡಿದೊಡನೆ ಭಾರವು ಮುಂದಿನ ಚಕ್ರಕ್ಕೆ ವಾಲುತ್ತದೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನಲ್ಲಿಯೇ ಇದೆ. ನೇರವಾಗಿ ಸಾಗುತ್ತಿರುವಾಗ ಎರಡನ್ನೂ ಒಟ್ಟಿಗೆ, ಕ್ರಮವಾಗಿ ಬಿಗಿ ಹೆಚ್ಚಿಸುತ್ತ ಹಿಡಿಯಬೇಕು. 2019ರ ಏಪ್ರಿಲಿನಿಂದ 125 ಸಿಸಿಗಿಂತ ಮೇಲ್ಪಟ್ಟ ಹೊಸ ಬೈಕುಗಳಲ್ಲಿ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಯಿತು. ಅದು ಬಹಳ ದೊಡ್ಡ ಉಪಕಾರ. ಆದರೆ ಸಡಿಲ ಮರಳು, ಜಲ್ಲಿಯ ಮೇಲೆ ಗಾಡಿ ನಿಲ್ಲುವ ದೂರವನ್ನು ಅದು ಕಡಿಮೆ ಮಾಡಲಾರದು.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ. ವಯಸ್ಸಾದಂತೆ ಕಣ್ಣು ಕಂಡದ್ದನ್ನು ಕೈ ಮಾಡಲು ತುಸು ತಡವಾಗುತ್ತದೆ. ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರು ಹೋಯಿತು! ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಈ ಲೆಕ್ಕವನ್ನು ಶಿಷ್ಯನು ಬಯಲಿನಲ್ಲಿ ಇಟ್ಟಿಗೆ ಇಟ್ಟು ಅಳೆದು ತೋರಿಸಿದಾಗ ಅದು ಮೊದಲ ಸಲ ನಮಗೆ ಅರ್ಥವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಗಾದೆ ಕೇಳುತ್ತದೆ. ಮನಸ್ಸಿದ್ದರೆ ಸ್ವಲ್ಪವಾದರೂ ಬಗ್ಗೀತು ಎಂಬುದು ನಮ್ಮ ಉತ್ತರ.

ಕಣ್ಣು, ಕಾಗದ, ಹೆಲ್ಮೆಟ್

ಮಗನಿಗೆ ಕೊಟ್ಟ ಮಾತಿನಂತೆ ವೈದ್ಯರಲ್ಲಿಗೂ ಹೋದೆವು. ಕಣ್ಣಿನಲ್ಲಿ ಪೊರೆಯ ಆರಂಭವಿತ್ತು. ವಯಸ್ಸಾದ ಕಣ್ಣಿನ ಪಾಪೆ ಕತ್ತಲೆಯಲ್ಲಿ ಮೊದಲಿನಷ್ಟು ಅರಳುವುದಿಲ್ಲ. ಎದುರಿನ ದೀಪದ ಬೆಳಕು ಒಳಗೆ ಚದುರಿ ಕಣ್ಣು ಕುಕ್ಕುತ್ತದೆ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ಗಾಡಿ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದೆವು.

ಚಾಲನಾ ಪರವಾನಗಿಯನ್ನು ತೆಗೆದು ನೋಡುವುದು ಎಲ್ಲರಿಗೂ ಅಗತ್ಯ. ಅದರಲ್ಲಿ ಗೇರುಳ್ಳ ಮೋಟಾರು ಸೈಕಲ್ಲು ಸೇರಿದೆಯೇ, ಅವಧಿ ಮುಗಿದಿದೆಯೇ ಎಂದು ಪರಿಶೀಲಿಸಬೇಕು. 2019ರ ತಿದ್ದುಪಡಿಯ ಪ್ರಕಾರ 55 ವರ್ಷ ದಾಟಿದವರಿಗೆ ಒಂದು ಸಲಕ್ಕೆ ಐದು ವರ್ಷ ಮಾತ್ರ ನವೀಕರಣ ದೊರೆಯುತ್ತದೆ. ಅವಧಿ ಮುಗಿದು ಒಂದು ವರ್ಷ ಕಳೆದಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಐಎಸ್‌ಐ ಗುರುತಿನದನ್ನೇ ಕೊಂಡು, ಗಲ್ಲದ ಪಟ್ಟಿಯನ್ನು ಬಿಗಿದು ಕಟ್ಟಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ತಾನೇ ಹಾರಿಹೋಗುತ್ತದೆ.

ಇನ್ನೊಂದು ಸಣ್ಣ ಸಂಗತಿ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಹಗಲಿನಲ್ಲಿಯೂ ತಾನಾಗಿ ಉರಿಯುವಂತೆ ಮಾಡಲಾಗಿದೆ, ಎದುರಿನವರಿಗೆ ಬೇಗ ಕಾಣಲೆಂದು. ಇದನ್ನರಿಯದೆ ಮೊದಲ ದಿನ ಸ್ವಿಚ್ಚು ಹುಡುಕಿ ಹುಡುಕಿ ಸುಸ್ತಾದೆವು. ದಾರಿಹೋಕರು ಈಗಲೂ ಕೈಬೆರಳನ್ನು ಮಡಿಸಿ ಬಿಡಿಸಿ ‘ದೀಪ ಉರೀತಿದೆ’ ಎಂದು ಸನ್ನೆ ಮಾಡುತ್ತಾರೆ. ಅವರ ಕಾಳಜಿಗೆ ತಲೆಬಾಗಿ ಮುಂದೆ ಸಾಗುತ್ತೇವೆ.

ನಂಜನಗೂಡಿನವರೆಗೆ

ನಾಲ್ಕು ತಿಂಗಳು ಒಬ್ಬರೇ ಓಡಿಸಿದೆವು. ಹಿಂದಿನ ಆಸನಕ್ಕೆ ಯಾರನ್ನೂ ಕರೆಯಲಿಲ್ಲ. ಕರೆಯುವ ಹಕ್ಕು ನಮಗಿಲ್ಲವೆಂದೇ ಭಾವಿಸಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಗಾಡಿ ಒರೆಸುತ್ತಿದ್ದಾಗ ಮಡದಿಯವರು ಬಂದು ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿದರು. ಸೀರೆ ಗಾರ್ಡನ್ನು ಕೈಯಿಂದ ಅಲುಗಿಸಿದರು. ಅದು ಅಲುಗಲಿಲ್ಲ.

“ತಂಗಿಯ ಮನೆಗೆ ಹೋಗಿ ಬಹಳ ದಿನ ಆಯಿತು, ಕರ್ಕೊಂಡು ಹೋಗ್ತೀರಾ?” ಎಂದರು.

ಅವರ ತಂಗಿಯ ಮನೆ ಇರುವುದು ನಂಜನಗೂಡಿನಲ್ಲಿ. ಮೊಮ್ಮಗಳು ಕೊಡಿಸಿದ್ದ ಚೂಡಿದಾರವನ್ನು ಅಂದು ಮೊದಲ ಬಾರಿಗೆ ತೊಟ್ಟು, ಹೆಲ್ಮೆಟ್ ಧರಿಸಿ, ಎರಡೂ ಕಡೆ ಕಾಲು ಹಾಕಿ ಅವರು ಕುಳಿತರು. ಹೊಸದಾಗಿ ಕಲಿಯಬೇಕಾದವರು ನಾವೊಬ್ಬರೇ ಅಲ್ಲವೆಂದು ಆಗ ತಿಳಿಯಿತು. ಸುಮಾರು 25 ಕಿಲೋಮೀಟರಿನ ದಾರಿ. ಎಡಬದಿಯಲ್ಲಿ 40ರ ವೇಗದಲ್ಲಿ ಸಾಗಿದೆವು. ಕಡಕೊಳ ಬಂದಾಗ ಅವರು ಭುಜ ತಟ್ಟಿ ನಿಲ್ಲಿಸಲು ಹೇಳಿದರು. ರಸ್ತೆ ಅಗಲವಾಗಿ, ಗುರುತು ಸಿಗದಷ್ಟು ಬದಲಾಗಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತೆವು.

“ಅವತ್ತು ಗಾರ್ಡು ಮುರಿದಿದ್ದು ನಾನೂ ನೋಡಿದ್ದೆ. ಸೆರಗು ಸಿಕ್ಕಿಸಿಕೊಳ್ಳದೇ ಕೂತೆ. ನಿಮ್ಮೊಬ್ಬರದೇ ತಪ್ಪು ಅಂತ ಇಷ್ಟು ವರ್ಷ ಯಾಕೆ ಹೊತ್ಕೊಂಡು ತಿರುಗ್ತೀರಿ?” ಎಂದರು.

ನಮ್ಮ ಬಾಯಿಂದ ಮಾತು ಹೊರಡಲಿಲ್ಲ. “ಬಿಸಿಲೇರುತ್ತೆ, ಹೊರಡಿ” ಎಂದು ಅವರೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು, 1735ರಲ್ಲಿ ಕಟ್ಟಿದ್ದೆಂದು ಹೆಸರಾದ ಆ ಕಲ್ಲಿನ ಕಮಾನುಗಳನ್ನು ನೋಡಿ, ರಸಬಾಳೆಯ ಒಂದು ಚಿಪ್ಪು ಕೊಂಡು ತಂಗಿಯ ಮನೆ ಸೇರಿದೆವು. ಕತ್ತಲಾಗುವ ಮೊದಲೇ ಮೈಸೂರಿಗೆ ಮರಳಿದೆವು. ರಾತ್ರಿ ಮಗನಿಗೆ ಫೋನು ಮಾಡಿ ಸುದ್ದಿ ಹೇಳಿದವರು ಮಡದಿಯವರೇ.

ಎರಡು ಮಾತು

ಇಳಿವಯಸ್ಸಿನಲ್ಲಿ ಮತ್ತೆ ಗಾಡಿ ಏರಬೇಕೆಂಬ ಹಿರಿಯರಿಗೆ ನಮ್ಮ ವಿನಂತಿ ಇಷ್ಟೆ. ಹೋದ ಪ್ರಾಯವನ್ನು ತರಲು ಏರಬೇಡಿ, ಅದು ಯಾವ ಅಂಗಡಿಯಲ್ಲಿಯೂ ಸಿಗದು. ಮೊದಲಿನಿಂದ ಕಲಿಯಲು ಮನಸ್ಸಿದ್ದರೆ ಮಾತ್ರ ಏರಿ. ಕಿರಿಯರಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ಮಂಡಿ, ಸೊಂಟ, ಕಣ್ಣು ಒಪ್ಪದಿದ್ದರೆ ಹಗುರವಾದ ಸ್ಕೂಟರಿಗೆ ಇಳಿಯುವುದರಲ್ಲಿಯೂ ಅವಮಾನವಿಲ್ಲ. ನಾಳೆ ಮಾಡಿಸೋಣವೆನ್ನುವ ರಿಪೇರಿಯನ್ನು ಇಂದೇ ಮಾಡಿಸಿ.

ಮಕ್ಕಳಿಗೂ ಒಂದು ಮಾತು. ಹಿರಿಯರ ಆಸೆಯನ್ನು ಕೇಳಿದ ಕೂಡಲೇ ‘ಈ ವಯಸ್ಸಿಗೇಕೆ’ ಎಂದು ಬಾಗಿಲು ಹಾಕಬೇಡಿ. ಷರತ್ತುಗಳನ್ನು ಹಾಕಿ, ಕಣ್ಣು ತೋರಿಸಲು ಕರೆದೊಯ್ಯಿರಿ, ಒಳ್ಳೆಯ ಹೆಲ್ಮೆಟ್ಟು ಕೊಡಿಸಿ. ನಮ್ಮ ಮಗ ಕಳೆದ ಹಬ್ಬಕ್ಕೆ ಬಂದಾಗ ಹಾಗೆಯೇ ಮಾಡಿದ. ಅವನು ತಂದದ್ದು ಎರಡು ಹೆಲ್ಮೆಟ್ಟು.