ನಾಯಿಯು ಕೊಕ್ಕೋ ಬೀಜ ಅಥವಾ ಚಾಕೊಲೇಟನ್ನು ತಿಂದಾಗ ಮಾಡತಕ್ಕ ಕ್ರಮಗಳು

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೋ ಉಪಬೆಳೆಯಾಗಿ ನೆಲೆಗೊಂಡಿದೆ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆಯು ಸ್ಥಾಪಿತವಾಯಿತು. ಕೊಯ್ಲಿನ ಕಾಲದಲ್ಲಿ ಬೀಜವು ಮನೆಯಂಗಳದಲ್ಲಿಯೇ ಒಣಗುವುದು. ತೋಟ ಕಾಯುವ ನಾಯಿಯೂ ಅಲ್ಲಿಯೇ ಮಲಗುವುದು. ಮನುಷ್ಯರಿಗೆ ಹಿತವಾದ ಈ ಪದಾರ್ಥವು ನಾಯಿಗೆ ವಿಷವೆಂಬುದನ್ನು ಪ್ರತಿಯೊಬ್ಬ ತೋಟದ ಯಜಮಾನರೂ ತಿಳಿದಿರತಕ್ಕದ್ದು.

ವಿಷದ ಕಾರಣ: ಕೊಕ್ಕೋ ಬೀಜದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತುವಿರುತ್ತದೆ. ಮನುಷ್ಯನ ಶರೀರವು ಅದನ್ನು ಬೇಗನೆ ಹೊರಹಾಕುವುದು. ನಾಯಿಯ ಶರೀರದಲ್ಲಿಯಾದರೋ ಅದರ ಅರ್ಧಾಂಶ ಕಡಿಮೆಯಾಗುವುದಕ್ಕೆ ಸುಮಾರು 17 ಗಂಟೆಗಳು ಬೇಕು. 10 ಕಿಲೋ ತೂಕದ ನಾಯಿಯು ಒಣಗಿದ 20 ಬೀಜಗಳನ್ನು ತಿಂದರೂ ಅಸ್ವಸ್ಥವಾಗಬಹುದು. ಹಿಡಿಯಷ್ಟು ತಿಂದರೆ ಪ್ರಾಣಾಪಾಯವುಂಟು. ಚಾಕೊಲೇಟಿನಲ್ಲಿ ಕಪ್ಪಾದದ್ದು ಹೆಚ್ಚು ಅಪಾಯಕರವು. ಹಾಲು ಬೆರೆತದ್ದರಲ್ಲಿ ವಿಷಾಂಶವು ಕಡಿಮೆ.

ಲಕ್ಷಣಗಳು: ವಾಂತಿ, ಭೇದಿ, ಅತಿಯಾದ ಬಾಯಾರಿಕೆ, ಚಡಪಡಿಕೆ, ಏದುಸಿರು, ಹೃದಯದ ವೇಗದ ಬಡಿತ, ಕೊನೆಗೆ ಸೆಳೆತ. ಇವು ಅನೇಕ ವೇಳೆ 6ರಿಂದ 12 ಗಂಟೆಗಳು ಕಳೆದ ಮೇಲೆ ತೋರುವುವು. ಆದಕಾರಣ ನಾಯಿಯು ಆಟವಾಡುತ್ತಿದೆಯೆಂದು ಸುಮ್ಮನಿರುವುದು ದೊಡ್ಡ ತಪ್ಪು.

ಮಾಡತಕ್ಕದ್ದು: ಉಳಿದ ಬೀಜವನ್ನು ಒಡನೆಯೇ ದೂರವಿಡಬೇಕು. ತಿಂದ ವಸ್ತು, ಅಂದಾಜು ಪ್ರಮಾಣ, ಹೊತ್ತು, ನಾಯಿಯ ತೂಕ ಇವನ್ನು ಪಶುವೈದ್ಯರಿಗೆ ತಿಳಿಸಿ, ಪಶುವೈದ್ಯಶಾಲೆಗೆ ಒಯ್ಯಬೇಕು. ಮೊದಲ ಒಂದೆರಡು ಗಂಟೆಗಳೊಳಗೆ ವೈದ್ಯರು ವಾಂತಿ ಮಾಡಿಸಿದರೆ ಬಹುಪಾಲು ವಿಷವು ಹೊರಬೀಳುವುದು. ಆ ಮೇಲೆ ಔಷಧದ ಇದ್ದಿಲ ಪುಡಿಯಿಂದ ಉಳಿದದ್ದನ್ನು ಹೀರಿಸುವರು. ಇದಕ್ಕೆ ಬೇರೆ ಪ್ರತಿವಿಷವಿಲ್ಲ.

ಮಾಡಕೂಡದ್ದು: ಉಪ್ಪುನೀರನ್ನು ಕುಡಿಸಕೂಡದು, ಅದೇ ಮತ್ತೊಂದು ವಿಷವಾಗುವುದು. ಸೆಳೆತವಿರುವಾಗ ಬಾಯಿಗೆ ಏನನ್ನು ಹೊಯ್ದರೂ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಒಲೆಯ ಇದ್ದಿಲು ಔಷಧದ ಇದ್ದಿಲಿಗೆ ಸಮನಾಗದು.

ಮುಂಜಾಗ್ರತೆ: ಬೀಜವನ್ನು ಎತ್ತರದ ಅಟ್ಟಳೆಯ ಮೇಲೆ ಒಣಗಿಸಿ, ರಾತ್ರಿ ಮುಚ್ಚಿದ ಕೋಣೆಯಲ್ಲಿಡುವುದು ಯುಕ್ತವು. ಕೊಕ್ಕೋ ಬೀಜದ ಸಿಪ್ಪೆಯಲ್ಲಿಯೂ ಈ ವಿಷವಿರುವುದರಿಂದ ಅದನ್ನು ನಾಯಿ ಸುಳಿದಾಡುವೆಡೆ ಗಿಡಗಳ ಬುಡಕ್ಕೆ ಹರಡಬಾರದು. ಸಮೀಪದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಗ್ರಾಮದ ಮುಖಂಡರು ಎಲ್ಲರ ಕಣ್ಣಿಗೆ ಬೀಳುವೆಡೆ ಬರೆಯಿಸಿಟ್ಟರೆ, ಹುಡುಕಾಟದಲ್ಲಿ ಕಳೆಯುವ ಹೊತ್ತು ಉಳಿದು, ಮನೆ ಕಾಯುವ ಪ್ರಾಣಿಯ ಜೀವವೂ ಉಳಿಯುವುದು.