ಹೊಲದಲ್ಲಿ ರವದಿ ಸುಟ್ಟರೆ ಬಯೋಚಾರ್ ಆಗುತ್ತದೆಯೇ? ಇದರ ಹಿಂದಿನ ವಿಜ್ಞಾನ ಇಲ್ಲಿದೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕಬ್ಬು ಕಟಾವಾದ ಮೇಲೆ ಹೊಲದ ತುಂಬ ರವದಿ ಉಳಿಯುತ್ತದೆ. ಎಕರೆಗೆ ಸುಮಾರು 3ರಿಂದ 4 ಟನ್. ಕುಳೆ ಬೆಳೆಗೆ ಬೇಗ ನೀರು ಹಾಯಿಸಬೇಕು, ಆಳು ಸಿಗುವುದಿಲ್ಲ. ಹಾಗಾಗಿ ಬಹಳ ಜನ ಕಡ್ಡಿ ಗೀರಿಬಿಡುತ್ತಾರೆ. ಇದಕ್ಕೆ ಈಗ ಒಂದು ಸಮರ್ಥನೆಯೂ ಕೇಳಿಬರುತ್ತದೆ: ರವದಿ ಸುಟ್ಟಾಗ ಉಳಿಯುವ ಕರಿ ಪುಡಿಯೇ ಬಯೋಚಾರ್, ಅದು ಭೂಮಿಗೆ ಒಳ್ಳೆಯದು ಎಂದು.

ಇದು ಎಷ್ಟು ನಿಜ?

ಬಯೋಚಾರ್ ಎಂದರೇನು?

ಸರಳವಾಗಿ ಹೇಳಿದರೆ ಇದ್ದಿಲು. ಕಟ್ಟಿಗೆ, ಎಲೆ, ಸಿಪ್ಪೆಯಂಥ ಸಸ್ಯವಸ್ತುವನ್ನು ಗಾಳಿ ತಾಗದಂತೆ ಬಿಸಿ ಮಾಡಿದಾಗ ಉಳಿಯುವ ಕಾರ್ಬನ್. ಮಣ್ಣಿಗೆ ಸೇರಿಸಲು ಮಾಡಿದ ಇದ್ದಿಲಿಗೆ ಬಯೋಚಾರ್ ಎನ್ನುತ್ತಾರೆ. ಇದು ಮಣ್ಣಿನಲ್ಲಿ ಬಹಳ ಕಾಲ ಕೊಳೆಯದೆ ಉಳಿಯುತ್ತದೆ. ಬೂದಿ ಬೇರೆ. ಕಾರ್ಬನ್ ಎಲ್ಲ ಉರಿದುಹೋದ ಮೇಲೆ ಉಳಿಯುವ ಖನಿಜದ ಪುಡಿ ಅದು.

ಎರಡಕ್ಕೂ ಬೇಕಾಗಿರುವುದು ಬಿಸಿಯೇ. ಹಾಗಾದರೆ ಒಮ್ಮೆ ಇದ್ದಿಲು, ಇನ್ನೊಮ್ಮೆ ಬೂದಿ ಏಕೆ? ಉತ್ತರ ಇರುವುದು ಸುತ್ತಲಿನ ಗಾಳಿಯಲ್ಲಿ.

ಬೆಂಕಿ ತಗುಲಿದಾಗ ಆಗುವುದೇನು?

ಒಣ ಸಸ್ಯವಸ್ತುವಿನ ತೂಕದಲ್ಲಿ ಸುಮಾರು ಶೇ. 70ರಿಂದ 80ರಷ್ಟು ಭಾಗ ಬಿಸಿಗೆ ಆವಿ ಮತ್ತು ಅನಿಲವಾಗಿ ಹೊರಬರುತ್ತದೆ. ನಮಗೆ ಕಾಣುವ ಜ್ವಾಲೆ ಈ ಆವಿ ಉರಿಯುವುದೇ ಹೊರತು ಎಲೆಯೇ ನೇರವಾಗಿ ಉರಿಯುವುದಲ್ಲ. ಆವಿ ರಭಸದಿಂದ ಹೊರಬರುವಷ್ಟು ಹೊತ್ತು ಆಮ್ಲಜನಕ ಎಲೆಯ ಮೈಗೆ ತಾಗುವುದಿಲ್ಲ, ಹೊರಗಿನ ಜ್ವಾಲೆಯಲ್ಲೇ ಖರ್ಚಾಗುತ್ತದೆ. ಆ ಕ್ಷಣದಲ್ಲಿ ಒಳಗೆ ಕರಿ ಇದ್ದಿಲು ನಿಜವಾಗಿಯೂ ತಯಾರಾಗುತ್ತದೆ.

ಆವಿ ಮುಗಿಯಿತು, ಜ್ವಾಲೆ ಆರಿತು. ಈಗ ಗಾಳಿಯಲ್ಲಿರುವ ಶೇ. 21ರಷ್ಟು ಆಮ್ಲಜನಕ ನೇರವಾಗಿ ಆ ಇದ್ದಿಲಿಗೆ ತಾಗುತ್ತದೆ. ಅದು ಕೆಂಡವಾಗುತ್ತದೆ, ಕೆಂಡ ಬೂದಿಯಾಗುತ್ತದೆ. ದಪ್ಪ ಕೊರಡಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ರವದಿಯಂಥ ತೆಳ್ಳನೆಯ ಎಲೆಗೆ ಸ್ವಲ್ಪವೇ ಹೊತ್ತು ಸಾಕು. ಗಾಳಿ ಬೀಸುತ್ತಿದ್ದರೆ ಇನ್ನೂ ಬೇಗ.

ಬೇಗ ಕಾದರೆ ಇದ್ದಿಲು ಕಡಿಮೆ

ಗಾಳಿ ಇಲ್ಲದ ಕಡೆಯೂ ಬಿಸಿ ಮಾಡುವ ವೇಗ ಮುಖ್ಯ. ಗಂಟೆಗಟ್ಟಲೆ ನಿಧಾನಕ್ಕೆ ಕಾಯಿಸಿದರೆ 100 ಕೆ.ಜಿ. ಒಣ ವಸ್ತುವಿನಿಂದ ಸುಮಾರು 25ರಿಂದ 35 ಕೆ.ಜಿ. ಇದ್ದಿಲು ಸಿಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ 500 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಸಿಗುವುದು ಸುಮಾರು 12ರಿಂದ 15 ಕೆ.ಜಿ. ಮಾತ್ರ. ನಿಧಾನಕ್ಕೆ ಕಾದಾಗ ಆವಿಯ ಒಂದು ಭಾಗ ಒಳಗೇ ಉಳಿದು, ಒಡೆದು ಮತ್ತೆ ಇದ್ದಿಲಾಗುತ್ತದೆ. ಬೇಗ ಕಾದಾಗ ಅದಕ್ಕೆ ಸಮಯವೇ ಸಿಗದೆ ಆವಿ ಹಾರಿಹೋಗುತ್ತದೆ.

ಹೊಲದ ಬೆಂಕಿಯಲ್ಲಿ ಎರಡೂ ತೊಂದರೆಗಳಿವೆ: ಬಿಸಿ ಏರುವುದು ತೀರಾ ಬೇಗ, ಸುತ್ತಲೂ ಬೇಕಾದಷ್ಟು ಆಮ್ಲಜನಕ.

ಆಮ್ಲಜನಕದ ಬದಲು ಬೇರೆ ಅನಿಲ ಇದ್ದರೆ?

ನೈಟ್ರೋಜನ್ ಇದ್ದಿಲಿನ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ.

ಬೆಂಕಿ ಆರಿಸಲು ಬಳಸುವ ಕಾರ್ಬನ್ ಡೈಆಕ್ಸೈಡ್ ಕೂಡ ಇದ್ದಿಲನ್ನು ಕಾಪಾಡುತ್ತದೆ ಎಂದು ನೀವು ಅಂದುಕೊಳ್ಳಬಹುದು. ಸುಮಾರು 700 ಡಿಗ್ರಿಯವರೆಗೆ ಹೆಚ್ಚುಕಡಿಮೆ ಹಾಗೆಯೇ. ಅದರ ಮೇಲೆ ಹೋದಂತೆ ಅದೇ ಅನಿಲ ಇದ್ದಿಲಿನ ಕಾರ್ಬನ್ ಕಿತ್ತುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ನೀರಿನ ಹಬೆಯೂ ಹೆಚ್ಚಿನ ಬಿಸಿಯಲ್ಲಿ ಇದ್ದಿಲನ್ನು ತಿನ್ನುತ್ತದೆ. ನಿಮ್ಮ ಮನೆಯ ವಾಟರ್ ಫಿಲ್ಟರ್‌ನಲ್ಲಿರುವ ಆಕ್ಟಿವೇಟೆಡ್ ಕಾರ್ಬನ್ ತಯಾರಿಸಲು ಇದನ್ನೇ ಬಳಸಿಕೊಳ್ಳುತ್ತಾರೆ. ತೆಂಗಿನ ಚಿಪ್ಪಿನ ಇದ್ದಿಲಿಗೆ ಬಿಸಿ ಹಬೆ ಹಾಯಿಸಿ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ.

ಹಾಗಾದರೆ ಹೊಲದಲ್ಲಿ ಉಳಿಯುವುದೇನು?

ಸುಟ್ಟ ಮರುದಿನ ನೀವೇ ನೋಡಿ. ಬಿಳಿ ಅಥವಾ ಬೂದುಬಣ್ಣದ ಪುಡಿ ಬೂದಿ. ಕರಿ ಚೂರುಗಳು ಅರೆಬೆಂದ ಎಲೆ ಅಥವಾ ಇದ್ದಿಲು. ಬೆಂಕಿ ಮಧ್ಯದಲ್ಲೇ ಆರಿದ ಜಾಗದಲ್ಲಿ, ದಪ್ಪ ರಾಶಿಯ ಅಡಿಯಲ್ಲಿ ಒಂದಿಷ್ಟು ಇದ್ದಿಲು ಸಿಗುವುದು ನಿಜ. ಆದರೆ ರವದಿಯ ಬಹುಪಾಲು ಕಾರ್ಬನ್ ಮತ್ತು ಸಾರಜನಕ ಹೊಗೆಯ ಜೊತೆ ಹೋಗಿರುತ್ತದೆ. ಬೂದಿಯಲ್ಲಿ ಪೊಟ್ಯಾಷ್‌ನಂಥ ಖನಿಜ ಉಳಿದರೂ ಗಾಳಿಗೆ ಹಾರುತ್ತದೆ, ನೀರಿಗೆ ಕೊಚ್ಚಿಹೋಗುತ್ತದೆ.

ರೈತರು ಏನು ಮಾಡಬಹುದು?

ಸುಲಭದ ದಾರಿ, ರವದಿಯನ್ನು ಸಾಲುಗಳ ನಡುವೆ ಹೊದಿಕೆಯಾಗಿ ಬಿಡುವುದು ಅಥವಾ ಯಂತ್ರದಿಂದ ಪುಡಿ ಮಾಡಿ ಮಣ್ಣಿಗೆ ಸೇರಿಸುವುದು. ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಬಯೋಚಾರೇ ಬೇಕೆಂದರೆ ಶಂಕುವಿನಾಕಾರದ ಗುಂಡಿಯಲ್ಲಿ ಸ್ವಲ್ಪಸ್ವಲ್ಪವೇ ಹಾಕುತ್ತಾ ಸುಡುವ ವಿಧಾನವಿದೆ. ಮೇಲಿನ ಜ್ವಾಲೆ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಅಡಿಯ ಇದ್ದಿಲು ಉಳಿಯುತ್ತದೆ. ಕೊನೆಗೆ ನೀರು ಹಾಕಿ ಪೂರ್ತಿ ಆರಿಸಲೇಬೇಕು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಅದೂ ಬೂದಿ.

ಎಚ್ಚರಿಕೆ: ಈ ಕೆಲಸವನ್ನು ಮುಚ್ಚಿದ ಶೆಡ್‌ನಲ್ಲಿ ಮಾಡಬೇಡಿ, ಚಳಿಗೆಂದು ಕೆಂಡವನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಇಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಇರಬಹುದು.

ತೀರ್ಮಾನ

ರವದಿ ಸುಟ್ಟರೆ ಬಯೋಚಾರ್ ಆಗುತ್ತದೆ ಎಂಬ ಮಾತಿನಲ್ಲಿ ಸತ್ಯ ಅಲ್ಪ, ತಪ್ಪು ದೊಡ್ಡದು. ಬಯಲಿನ ಬೆಂಕಿ ಇದ್ದಿಲನ್ನು ಮಾಡುತ್ತದೆ, ಮರುಕ್ಷಣ ತಾನೇ ತಿಂದುಬಿಡುತ್ತದೆ. ಅಂಥ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ಗಾಳಿಯನ್ನು ತಡೆದಿದ್ದು ಯಾವುದು?