ಟಿಕೆಟ್ಟು ಬೇರೆ, ಬೋರ್ಡಿಂಗ್ ಪಾಸು ಬೇರೆ

ಪರೀಕ್ಷೆಯ ಫೀಜು ಕಟ್ಟಿದ ರಸೀದಿಯನ್ನು ಹಿಡಿದುಕೊಂಡು ಪರೀಕ್ಷಾ ಮಂದಿರದ ಬಾಗಿಲಿಗೆ ಹೋದರೆ ಯಾರೂ ಒಳಕ್ಕೆ ಬಿಡುವುದಿಲ್ಲ. ಹಾಲ್ ಟಿಕೆಟ್ಟು ಬೇಕು. ಅದು ಕೈಗೆ ಬರಬೇಕಾದರೆ ಹಾಜರಿ ಸರಿಯಿರಬೇಕು, ಪುಸ್ತಕ ಭಂಡಾರದ ಬಾಕಿ ತೀರಿರಬೇಕು, ಕಚೇರಿಯ ಕಿಟಕಿಯ ಮುಂದೆ ಕಾಯಬೇಕು. ಇದೆಲ್ಲ ನಮ್ಮ ಕಾಲೇಜಿನ ಮಿತ್ರರಿಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ವಿಮಾನಕ್ಕೂ ಇದೇ ನ್ಯಾಯವೆಂಬುದು 2024ರ ಡಿಸೆಂಬರಿನವರೆಗೆ ನನಗೆ ತಿಳಿದಿರಲಿಲ್ಲ. ಟಿಕೆಟ್ಟು ಎಂದರೆ ಹಣ ಕಟ್ಟಿದ್ದಕ್ಕೆ ರಸೀದಿ, ಅಷ್ಟೇ. ವಿಮಾನದೊಳಕ್ಕೆ ಕಾಲಿಡಲು ಬೇಕಾದದ್ದು ಬೋರ್ಡಿಂಗ್ ಪಾಸು. ಇವೆರಡರ ನಡುವಣ ಬಾಗಿಲಿಗೆ ಚೆಕ್-ಇನ್ ಎಂದು ಹೆಸರು. ಆ ಬಾಗಿಲಲ್ಲಿ ನನ್ನ ತಾಯಿ ಇಪ್ಪತ್ತು ನಿಮಿಷ ನಿಂತಿದ್ದಳು. ಆಗ ನಾನು ಕಂಡದ್ದನ್ನೂ, ಊರಿಗೆ ಮರಳಿದ ಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಅಕ್ಕ, ಭಾವ ದುಬೈಯಲ್ಲಿದ್ದಾರೆ. ಅಕ್ಕನಿಗೆ ಚೊಚ್ಚಲ ಹೆರಿಗೆಯ ದಿನ ಹತ್ತಿರ ಬಂದಿತ್ತು. ವೈದ್ಯರು ಪ್ರಯಾಣ ಬೇಡವೆಂದಿದ್ದರು. ಬಾಣಂತನಕ್ಕೆ ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಬಳಿಗೆ ಹೋಗಬೇಕಷ್ಟೆ. ಅಮ್ಮ ಬೆಂಗಳೂರನ್ನೇ ನಾಲ್ಕು ಸಲ ನೋಡಿದವಳಲ್ಲ. ಆದ್ದರಿಂದ ಜೊತೆಗೆ ನಾನು ಹೊರಟೆ. ಭಾವ ಇಬ್ಬರಿಗೂ ಟಿಕೆಟ್ಟನ್ನೂ ವೀಸಾವನ್ನೂ ಕಳಿಸಿದರು.

ಹಿಂದಿನ ದಿನವೇ ನಾನು ಮೊಬೈಲಿನಲ್ಲಿ ಚೆಕ್-ಇನ್ ಮಾಡಲು ಕುಳಿತೆ. ಈಗ ಬಹುಮಟ್ಟಿಗೆ ಎಲ್ಲ ವಿಮಾನ ಕಂಪನಿಗಳೂ ಹೊರಡುವುದಕ್ಕೆ ಒಂದೆರಡು ದಿನ ಮೊದಲೇ ಇದಕ್ಕೆ ಅವಕಾಶ ಕೊಡುತ್ತವೆ. ಟಿಕೆಟ್ಟಿನ ಮೇಲೆ ಆರು ಅಕ್ಷರಗಳ ಒಂದು ಗುರುತಿರುತ್ತದೆ. ಅದನ್ನೂ ಹೆಸರನ್ನೂ ಒತ್ತಿದರೆ ಪುಟ ತೆರೆಯುತ್ತದೆ. ದೇಶದೊಳಗಿನ ಪ್ರಯಾಣವಾದರೆ ಆಸನ ಆರಿಸಿಕೊಂಡಲ್ಲಿಗೆ ಕೆಲಸ ಮುಗಿಯಿತು. ಪರದೇಶಕ್ಕಾದರೆ ಪಾಸ್‌ಪೋರ್ಟಿನ ಸಂಖ್ಯೆ, ಅದರ ಅವಧಿ ಮುಗಿಯುವ ದಿನ, ಹುಟ್ಟಿದ ದಿನ, ರಾಷ್ಟ್ರೀಯತೆ ಎಲ್ಲವನ್ನೂ ತುಂಬಬೇಕು. ಈ ವಿವರಗಳು ಕಂಪನಿಯಲ್ಲೇ ಉಳಿಯುವುದಿಲ್ಲ. ಅನೇಕ ದೇಶಗಳಲ್ಲಿ ನಾವು ಇಳಿಯುವ ಮೊದಲೇ ಅಲ್ಲಿನ ಸರ್ಕಾರದ ಕೈ ಸೇರಿರುತ್ತವೆ. ನನ್ನ ಪಾಸು ಚೌಕಚೌಕದ ಕಪ್ಪು ಗುರುತಿನೊಡನೆ ಕೂಡಲೇ ಬಂದುಬಿಟ್ಟಿತು. ಅಮ್ಮನ ಪಾಸು ಬರಲಿಲ್ಲ. ದಾಖಲೆಗಳನ್ನು ನಿಲ್ದಾಣದ ಕೌಂಟರಿನಲ್ಲಿ ತೋರಿಸಿ ಎಂಬ ಒಂದು ಸಾಲು ಬಂತು. ಯಂತ್ರಕ್ಕೆ ಏನೋ ಗೊಂದಲವಾಗಿರಬೇಕು ಎಂದುಕೊಂಡು ಅಮ್ಮನಿಗೆ ಹೇಳದೆ ಸುಮ್ಮನಾದೆ. ಅದು ನನ್ನ ತಪ್ಪು.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ 12ರಿಂದ ಪರದೇಶದ ವಿಮಾನಗಳು ಎರಡನೆಯ ಟರ್ಮಿನಲ್ಲಿನಿಂದ ಹೊರಡುತ್ತವೆ. ಬಿದಿರಿನ ಚಾವಣಿ, ಮೇಲಿಂದ ತೂಗುಬಿಟ್ಟ ಗಿಡಗಳು. ಅಮ್ಮ ಕತ್ತೆತ್ತಿ, "ಇವಕ್ಕೆ ನೀರು ಹಾಕೋರು ಯಾರು ಮಗ?" ಎಂದು ಕೇಳಿದಳು. ಬಾಗಿಲಲ್ಲಿ ಭದ್ರತಾ ಪಡೆಯವರು ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ನೋಡಿ ಒಳಗೆ ಬಿಟ್ಟರು. ಕೌಂಟರಿನ ಸಾಲಿನಲ್ಲಿ ನಮ್ಮ ಸರದಿ ಬಂತು.

ಅಲ್ಲಿ ಕುಳಿತಿದ್ದ ಹುಡುಗಿ ನಮ್ಮ ವಯಸ್ಸಿನವಳೇ. ಅಮ್ಮನ ಪಾಸ್‌ಪೋರ್ಟನ್ನು ತಿರುವಿದಳು, ಗಣಕಯಂತ್ರದಲ್ಲಿ ಏನೋ ಒತ್ತಿದಳು, ಮತ್ತೆ ತಿರುವಿದಳು. "ಇವರ ಹೆಸರು ಇಷ್ಟೇನಾ?" ಎಂದಳು.

ಇಷ್ಟೇ. ನಮ್ಮೂರ ಗ್ರಾಮದೇವತೆಯ ಹೆಸರನ್ನೇ ಅಮ್ಮನಿಗೆ ಇಟ್ಟಿದ್ದಾರೆ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ನಮ್ಮ ಕಡೆ ಹೆಂಗಸರ ಹೆಸರು ಹಾಗೆಯೇ. ಗಂಡಸರಿಗಾದರೆ ಊರಿನದೊಂದು, ಅಪ್ಪನದೊಂದು ಎಂದು ಎರಡು ಇನಿಷಿಯಲ್ ಇರುತ್ತವೆ. ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲಿಗೆ ಜಾಗವಿಲ್ಲ. ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಅಲ್ಲಿ ಎರಡು ಮನೆಗಳಿವೆ, ಒಂದು ಕುಲನಾಮಕ್ಕೆ, ಇನ್ನೊಂದು ಇಟ್ಟ ಹೆಸರಿಗೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಮನೆ ಖಾಲಿ. ಟಿಕೆಟ್ಟಿನಲ್ಲಿ ಅದನ್ನು ಖಾಲಿ ಬಿಡಲು ಬರುವುದಿಲ್ಲವಾದ್ದರಿಂದ ಭಾವ ಎರಡು ಕಡೆಯೂ ಅದೇ ಹೆಸರನ್ನು ತುಂಬಿದ್ದರು. ದೇವಿಯನ್ನು ಎರಡು ಸಲ ಕೂಗಿ ಕರೆದ ಹಾಗಿತ್ತು.

ತೊಡಕು ಟಿಕೆಟ್ಟಿನದಾಗಿರಲಿಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಸರ್ಕಾರವು, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಭೇಟಿಯ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲವೆಂದು ನಿಯಮ ಮಾಡಿತು. ನಮ್ಮ ನಾಡಿನಲ್ಲಿ ಒಂಟಿ ಹೆಸರಿನವರು ಎಷ್ಟು ಜನರೋ! ಇದನ್ನು ತಿಳಿದಾಗ ನನ್ನ ಅಂಗೈ ಬೆವೆತಿತು. ಕೌಂಟರು ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಪರದೇಶದ ವಿಮಾನಗಳಿಗೆ ಹೊರಡುವ ಗಳಿಗೆಗಿಂತ ಸುಮಾರು ಒಂದು ಗಂಟೆಯಿಂದ ಒಂದೂಕಾಲು ಗಂಟೆ ಮೊದಲೇ ಚೆಕ್-ಇನ್ ಮುಚ್ಚಿಬಿಡುತ್ತಾರೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವುಂಟು. ಆಮೇಲೆ ಓಡಿ ಬಂದವನ ಕೈಯಲ್ಲಿ ಟಿಕೆಟ್ಟಿದ್ದರೂ ಅದು ಬರಿಯ ಕಾಗದ.

ಅಷ್ಟು ಹೊತ್ತಿಗೆ ನನಗೆ ಸಿಟ್ಟೂ ಬಂದಿತ್ತು. ವೀಸಾ ಕೊಟ್ಟದ್ದು ಆ ದೇಶದ ಸರ್ಕಾರ. ನಡುವೆ ತಡೆಯುವುದಕ್ಕೆ ಈ ಕಂಪನಿಯ ಹುಡುಗಿ ಯಾರು? ಈ ಪ್ರಶ್ನೆಗೆ ಉತ್ತರ ತಿಳಿದರೆ ಚೆಕ್-ಇನ್ ಎಂಬುದರ ಮರ್ಮವೇ ತಿಳಿದಂತೆ. 1944ರ ಡಿಸೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಅಂತರರಾಷ್ಟ್ರೀಯ ವಿಮಾನಯಾನದ ಒಪ್ಪಂದವೊಂದಾಯಿತು. ಅದರ ಒಂಬತ್ತನೆಯ ಅನುಬಂಧದ ಪ್ರಕಾರ, ಪ್ರಯಾಣಿಕನ ಬಳಿ ಹೋಗುವ ದೇಶಕ್ಕೆ ತಕ್ಕ ಕಾಗದಪತ್ರಗಳಿವೆಯೇ ಎಂದು ಹತ್ತಿಸುವ ಮೊದಲೇ ನೋಡಿಕೊಳ್ಳುವುದು ವಿಮಾನ ಕಂಪನಿಯ ಹೊಣೆ. ಆಚೆಯ ದೇಶ ಬಾಗಿಲಲ್ಲೇ ತಡೆದರೆ ಅವನನ್ನು ಮರಳಿ ಕೊಂಡೊಯ್ಯಬೇಕಾದುದೂ ಕಂಪನಿಯೇ. ಅನೇಕ ದೇಶಗಳು ಅದರ ಮೇಲೆ ದಂಡವನ್ನೂ ಹಾಕುತ್ತವೆ. ಹೀಗಾಗಿ ಬೋರ್ಡಿಂಗ್ ಪಾಸು ಕೊಡುವುದೆಂದರೆ ನಮ್ಮ ಪರವಾಗಿ ಜಾಮೀನು ನಿಂತ ಹಾಗೆ. ಜಾಮೀನು ನಿಲ್ಲುವವನು ಎರಡು ಸಲ ಕಾಗದ ನೋಡದೆ ಇರುತ್ತಾನೆಯೇ? ಯಾವ ದೇಶಕ್ಕೆ ಯಾರು ಏನೇನು ತರಬೇಕೆಂಬುದನ್ನು ಕೂಡಿಸಿಟ್ಟ ಟೈಮ್ಯಾಟಿಕ್ ಎಂಬ ಭಂಡಾರವೊಂದಿದೆ; ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದವರು ಅದನ್ನು ನಡೆಸುತ್ತಾರೆ. ಕೌಂಟರಿನವರು ಗಣಕಯಂತ್ರದಲ್ಲಿ ನೋಡುವುದು ಬಹುಮಟ್ಟಿಗೆ ಅದನ್ನೇ.

ಹುಡುಗಿ ಮೇಲಿನವರೊಬ್ಬರನ್ನು ಕರೆದಳು. ಅವರು ಬಂದು ಪಾಸ್‌ಪೋರ್ಟಿನ ಕೊನೆಯ ಪುಟವನ್ನು ತೆಗೆದರು. ಅಲ್ಲಿ ತಂದೆ, ತಾಯಿ, ಗಂಡ ಇವರ ಹೆಸರು ಅಚ್ಚಾಗಿತ್ತು. "ಅಮ್ಮಾ, ನಿಮ್ಮ ತಂದೆಯವರ ಹೆಸರು ಹೇಳಿ" ಎಂದರು. ಅಜ್ಜ ತೀರಿಕೊಂಡು ಹದಿನೆಂಟು ವರ್ಷವಾಯಿತು. ಅಮ್ಮ ಸೆರಗು ಸರಿಮಾಡಿಕೊಂಡು, ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹಾಗೆ ಅಜ್ಜನ ಹೆಸರನ್ನು ಊರಿನ ಸಮೇತ ಹೇಳಿದಳು. ಆ ನಿಯಮಕ್ಕೆ ಆಮೇಲೆ ಒಂದು ವಿನಾಯಿತಿ ಬಂದಿತ್ತು: ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಪಾಸ್‌ಪೋರ್ಟಿನ ಎರಡನೆಯ ವಿವರದ ಪುಟದಲ್ಲಿದ್ದರೆ ಸಾಕು. ಮೇಲಿನವರು ತಲೆಯಾಡಿಸಿದರು. ಕೌಂಟರಿನ ಯಂತ್ರ ಕಿರ್ ಎಂದು ಒಂದು ಉದ್ದನೆಯ ಚೀಟಿಯನ್ನು ಹೊರಕ್ಕೆ ತಳ್ಳಿತು.

ಪಾಸು ಬಂತೆಂದು ಉಸಿರು ಬಿಡುವಷ್ಟರಲ್ಲಿ ಸಾಮಾನಿನ ಸರದಿ. ಗಸಗಸೆ ಆ ದೇಶದಲ್ಲಿ ನಿಷಿದ್ಧವೆಂದು ಭಾವ ಮೊದಲೇ ಎಚ್ಚರಿಸಿದ್ದರಿಂದ ಅಂಟಿನುಂಡೆಗೆ ಅದನ್ನು ಹಾಕಿರಲಿಲ್ಲ. ಹುಡುಗಿ ಪವರ್ ಬ್ಯಾಂಕು, ಬೆಂಕಿಪೊಟ್ಟಣ, ಒಣಕೊಬ್ಬರಿ ಏನಾದರೂ ಉಂಟೇ ಎಂದು ಕೇಳಿದಳು. ತಿಪಟೂರು ಸೀಮೆಯವರನ್ನು ಕೊಬ್ಬರಿ ಉಂಟೇ ಎಂದು ಕೇಳುವುದೇ! ಅಮ್ಮ ಹೆಮ್ಮೆಯಿಂದ ಇದೆ ಎಂದಳು. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳವಾದ್ದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಸಂಭವವುಂಟು. ಹೀಗಾಗಿ 2022ರಲ್ಲಿ ನಮ್ಮ ವಿಮಾನಯಾನ ಭದ್ರತಾ ಇಲಾಖೆ ಅದನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಇಡಬಾರದ ವಸ್ತುಗಳ ಪಟ್ಟಿಗೆ ಸೇರಿಸಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸುವ ನಮಗೆ ಇದು ಹೊಸ ಸುದ್ದಿ. ಹನ್ನೆರಡು ಗಿಟುಕುಗಳನ್ನು ತೆಗೆದಿಡುವಾಗ ಅಮ್ಮನ ಮುಖ ನೋಡಲಾಗಲಿಲ್ಲ. ಹೆಸರಿನ ಗಲಾಟೆಗೆ ಅವಳು ಅಷ್ಟು ನೊಂದಿರಲಿಲ್ಲ.

ಪೆಟ್ಟಿಗೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ದುಬೈಯ ಮೂರಕ್ಷರದ ಗುರುತು, ಡಿ.ಎಕ್ಸ್.ಬಿ., ಇತ್ತು. ಅದರ ತುಂಡೊಂದನ್ನು ನಮಗೆ ಕೊಟ್ಟರು. ಅದನ್ನು ಬಿಸಾಡಬಾರದು, ಪೆಟ್ಟಿಗೆ ಬಾರದಿದ್ದರೆ ಅದೇ ಆಧಾರ. ಇಲ್ಲಿ ಒಂದು ಮಾತು. ಚೆಕ್-ಇನ್ ಮಾಡಿ ಪೆಟ್ಟಿಗೆ ಕೊಟ್ಟವನು ವಿಮಾನ ಹತ್ತದೆ ಹೋದರೆ ಅವನ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸುತ್ತಾರೆ. ಗೇಟಿನ ಬಳಿ ಹೆಸರು ಹಿಡಿದು ಮತ್ತೆಮತ್ತೆ ಕೂಗುವುದು ಬರಿಯ ಉಪಚಾರವಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಸಮೀಪ ಆಕಾಶದಲ್ಲೇ ಸ್ಫೋಟಗೊಂಡು 329 ಜನರು ಸತ್ತರು. ಬಾಂಬು ಇದ್ದ ಪೆಟ್ಟಿಗೆಯನ್ನು ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. ಪ್ರಯಾಣಿಕನನ್ನೂ ಪೆಟ್ಟಿಗೆಯನ್ನೂ ತಾಳೆ ನೋಡುವ ಕಟ್ಟುನಿಟ್ಟು ಬಿಗಿಯಾದದ್ದು ಆ ದುರಂತದ ತರುವಾಯ.

ಬೋರ್ಡಿಂಗ್ ಪಾಸನ್ನು ಓದುವುದು ಕಷ್ಟವಲ್ಲ. ಕುಲನಾಮ ಮೊದಲು, ಓರೆಗೆರೆ, ಆಮೇಲೆ ಹೆಸರು. ವಿಮಾನದ ಸಂಖ್ಯೆ, ಆಸನ, ಗೇಟು. ಇದರಲ್ಲಿ ಜನ ಎಡವುವುದು ಗಂಟೆಯ ವಿಷಯದಲ್ಲಿ. ಬೋರ್ಡಿಂಗ್ ಸಮಯ ಎಂದು ಬರೆದಿರುವುದು ಹತ್ತಿಸಿಕೊಳ್ಳಲು ತೊಡಗುವ ಹೊತ್ತು, ಹೊರಡುವ ಹೊತ್ತಲ್ಲ. ಹೊರಡುವುದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ. ಗೇಟಿನ ಸಂಖ್ಯೆ ಬದಲಾಗುವುದೂ ಉಂಟು; ಗೋಡೆಯ ಫಲಕವನ್ನು ನೋಡುತ್ತಿರಬೇಕು.

ಇನ್ನು ಇಮಿಗ್ರೇಷನ್. ಅಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ವಲಸೆಯ ತಪಾಸಣೆ ಅಗತ್ಯವೆಂಬ ನಮೂದು ಇರುತ್ತದೆ. ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗಿ ಮೋಸ ಹೋಗುವವರ ರಕ್ಷಣೆಗೆಂದು 1983ರ ವಲಸೆ ಕಾಯಿದೆಯಡಿ ಬಂದ ಏರ್ಪಾಡು ಅದು. ಕೆಲಸಕ್ಕಲ್ಲದೆ ನೆಂಟರನ್ನು ನೋಡಲು ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಆದರೆ ಹಿಂದಿರುಗುವ ಟಿಕೆಟ್ಟು ಕೈಯಲ್ಲಿರಬೇಕು. ಅಧಿಕಾರಿ ಅದನ್ನು ನೋಡಿ, "ಯಾಕೆ ಹೋಗ್ತಿದೀರಮ್ಮ?" ಎಂದರು. "ಬಾಣಂತನಕ್ಕೆ ಸ್ವಾಮಿ" ಎಂದಳು. ಅವರು ನಕ್ಕು ಮುದ್ರೆ ಒತ್ತಿದರು.

ನಾವು ತಲುಪಿದ ಆರನೆಯ ದಿನ ಅಕ್ಕನಿಗೆ ಹೆಣ್ಣು ಮಗುವಾಯಿತು. ಎರಡು ತಿಂಗಳಿಗೆ ಸ್ವಲ್ಪ ಕಡಮೆ ಅಮ್ಮ ಅಲ್ಲಿದ್ದಳು. ಕಾಲೇಜಿದ್ದುದರಿಂದ ನಾನು ಬೇಗ ಮರಳಿದೆ. ಅಮ್ಮ ಒಬ್ಬಳೇ ಬಂದಳು. ದುಬೈಯ ಕೌಂಟರಿನಲ್ಲಿ ಅವಳ ಹೆಸರನ್ನು ಯಾರೂ ಪ್ರಶ್ನಿಸಲಿಲ್ಲವಂತೆ. ಸ್ವದೇಶಕ್ಕೆ ಮರಳುವವರಿಗೆ ವೀಸಾ ಬೇಕಿಲ್ಲ. ಅಲ್ಲಿ ಕಂಪನಿಗೆ ಜಾಮೀನಿನ ಭಯವೂ ಇಲ್ಲ. ಹೋಗುವಾಗಿನ ಪಾಸಿನ ಹರಕು ತುಂಡನ್ನು ಅಮ್ಮ ಎಲೆಯಡಿಕೆ ಚೀಲದಲ್ಲಿ ಇನ್ನೂ ಇಟ್ಟುಕೊಂಡಿದ್ದಾಳೆ. ಮೊಮ್ಮಗಳಿಗೆ ಪಾಸ್‌ಪೋರ್ಟು ಮಾಡಿಸುವಾಗ ಭಾವ ಎರಡು ಮನೆಯನ್ನೂ ತುಂಬಿಸಿದರು. ಕುಲನಾಮದ ಮನೆಯಲ್ಲಿ ಈಗ ನಮ್ಮ ಅಮ್ಮನ ಹೆಸರಿದೆ.